ಹಿಂದಕ್ಕೆ ಓಡಿ ಬಂದವಳು

ಗುಂಡಿ ಓಟದ ತಂಡಕ್ಕೆ ಸೇರಿದ್ದು ಓಟದ ಮೇಲಿನ ಪ್ರೀತಿಯಿಂದಲ್ಲ, ಹೊಲಿಗೆಯ ಮೇಲಿನ ಸಿಟ್ಟಿನಿಂದ. ಅವಳ ಅಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವಾಕೆ. ಯಂತ್ರದ ಕೆಲಸವೆಲ್ಲ ಅಮ್ಮನದು, ಕೈಕೆಲಸವೆಲ್ಲ ಮಗಳದು. ಶಾಲೆ ಬಿಟ್ಟು ಬಂದು ಚೀಲ ಕೆಳಗಿಡುವ ಮೊದಲೇ ಅಂಗಿಗಳ ರಾಶಿ ಮಡಿಲಿಗೆ ಬಂದು ಬೀಳುತ್ತಿತ್ತು. ಕಾಜಾ ಹೊಲಿ, ಗುಂಡಿ ಹಚ್ಚು, ದಾರದ ತುದಿ ಕತ್ತರಿಸು, ಮಡಚಿಡು. ಒಂಬತ್ತನೇ ತರಗತಿಗೆ ಬರುವಷ್ಟರಲ್ಲಿ ಊರಿನ ಅರ್ಧ ಮಕ್ಕಳ ಎದೆಯ ಮೇಲೆ ಅವಳು ಹಚ್ಚಿದ ಗುಂಡಿಗಳೇ ಇದ್ದವು. ಸಂಜೆ ಯಾವುದಾದರೂ ಆಟಕ್ಕೆ ಸೇರಿಕೊಂಡರೆ ಈ ರಾಶಿಯಿಂದ ಪಾರಾಗಬಹುದು ಎಂದು ಹೊಳೆದಾಗ ಅವಳು ಹಿಂದೆ ಮುಂದೆ ನೋಡಲಿಲ್ಲ. ವಾಲಿಬಾಲಿನವರು ಅವಳ ಎತ್ತರ ನೋಡಿ ಬೇಡವೆಂದರು. ಖೋ ಖೋದವರು ಅವಳ ಗಾತ್ರ ನೋಡಿ ನಕ್ಕರು. ಉಳಿದದ್ದು ಗುಡ್ಡಗಾಡು ಓಟ. ಅಲ್ಲಿ ಎರಡು ಕಾಲಿದ್ದರೆ ಸಾಕಿತ್ತು.

ಗುಂಡಿ ಎಂಬ ಹೆಸರು ಬಿದ್ದದ್ದೂ ಅಲ್ಲಿಯೇ. ಮೊದಲ ದಿನ ಅಭ್ಯಾಸಕ್ಕೆ ಹೋದಾಗ ಜೇಬಿನಲ್ಲಿ ಮರೆತು ಉಳಿದಿದ್ದ ಒಂದು ಹಿಡಿ ಗುಂಡಿಗಳು ಹೆಜ್ಜೆ ಹೆಜ್ಜೆಗೂ ಗಲಗಲ ಎಂದವು. "ಯಾರೇ ಅದು, ಗಿಲಕಿ ಕಟ್ಕೊಂಡು ಓಡ್ತಿರೋದು?" ಎಂದು ಮುಂದಿದ್ದವರು ನಕ್ಕರು. ನೋಡುವುದಕ್ಕೂ ದುಂಡುದುಂಡಗಿದ್ದಳಲ್ಲ, ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ಮನೆಯವರು ಇಟ್ಟ ಹೆಸರು ಹಾಜರಿ ಕರೆಯುವಾಗ ಮಾತ್ರ ಕೇಳುವಂತಾಯಿತು.

ತಂಡದ ಉಸ್ತುವಾರಿ ಭೂಗೋಳದ ಮೇಷ್ಟ್ರದು. ಜಗತ್ತಿನ ಯಾವ ನದಿ ಎಲ್ಲಿ ಹುಟ್ಟಿ ಎಲ್ಲಿ ಸಮುದ್ರ ಸೇರುತ್ತದೆಂದು ಕಣ್ಣು ಮುಚ್ಚಿ ತೋರಿಸಬಲ್ಲವರು, ಶಾಲೆಯ ಹಿಂದಿನ ಗುಡ್ಡದಲ್ಲಿ ಸೈಕಲ್ ಸಮೇತ ದಾರಿ ತಪ್ಪಿದ್ದರು. ತಾವು ಓಡಿದವರಲ್ಲ, ಓಡುವವರೂ ಅಲ್ಲ. ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ, ಅಷ್ಟೇ. ಆದರೆ ಆ ವರ್ಷ ಅವರು ಐದನೆಯ ಹುಡುಗಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಯಾಕೆಂದರೆ ಈ ಓಟದ ಲೆಕ್ಕ ಒಂದು ಥರದ್ದು. ಒಂದು ಶಾಲೆಯಿಂದ ಐವರು ಓಡಬೇಕು, ಐವರೂ ಗೆರೆ ಮುಟ್ಟಬೇಕು. ನಾಲ್ವರು ಗಾಳಿಯ ಹಾಗೆ ಓಡಿ ಬಂದರೂ ಐದನೆಯವಳು ಬಾರದಿದ್ದರೆ ಆ ಶಾಲೆಗೆ ತಂಡವೇ ಇಲ್ಲ. ಗುಂಡಿ ಬಾಗಿಲಲ್ಲಿ ನಿಂತು "ಸರ್, ನಾನೂ ಸೇರ್ಲಾ?" ಎಂದಾಗ ಮೇಷ್ಟ್ರು ಅವಳ ಕಾಲನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. "ಬಾಮ್ಮ ಬಾ, ದೇವರೇ ಕಳಿಸಿದ ಹಾಗೆ ಬಂದೆ" ಎಂದು ಒಳಗೆ ಕರೆದುಕೊಂಡರು.

ದೇವರು ಕಳಿಸಿದವಳು ಮೊದಲ ದಿನವೇ ಕಲ್ಲುಗಣಿಯ ಹತ್ತಿರ ಉಸಿರು ಸಿಕ್ಕಿಹಾಕಿಕೊಂಡು ಕುಸಿದು ಕುಳಿತಳು. ಉಳಿದವರ ಬೆನ್ನು ಯಾವಾಗಲೋ ಕಾಣದಾಗಿತ್ತು. ಪೊದೆ, ಬಂಡೆ, ಎರಡಾಗಿ ಸೀಳಿದ ಕಾಲುದಾರಿ, ಇವಳು. ಯಾವ ಕಡೆ ಹೋಗಬೇಕೆಂದು ತಿಳಿಯದೆ ಬಿಕ್ಕಿ ಬಿಕ್ಕಿ ಅತ್ತಳು. ಗುಂಡಿ ಹಚ್ಚುವುದೇ ವಾಸಿಯಾಗಿತ್ತು, ಕನಿಷ್ಠ ಅಲ್ಲಿ ಫ್ಯಾನಾದರೂ ಇತ್ತು ಎಂದು ಅವಳು ಅಂದುಕೊಳ್ಳುವಾಗಲೇ ಎದುರಿನಿಂದ ಯಾರೋ ಓಡಿ ಬರುವ ಸದ್ದಾಯಿತು.

ಬಂದವಳು ತಂಡದ ನಾಯಕಿ, ಹತ್ತನೇ ತರಗತಿಯವಳು. ಕಂಬದ ಹಾಗೆ ಉದ್ದವಿದ್ದುದರಿಂದ ಎಲ್ಲರಿಗೂ ಉದ್ದಕ್ಕ. ಅವಳಾಗಲೇ ಓಟ ಮುಗಿಸಿ, ನೀರು ಕುಡಿದು, ಮತ್ತೆ ಇಷ್ಟು ದೂರ ವಾಪಸ್ ಓಡಿ ಬಂದಿದ್ದಳು.

"ಏಳೇ, ಹೋಗೋಣ" ಎಂದಳು.

"ನನ್ನ ಕೈಲಾಗಲ್ಲ ಅಕ್ಕ. ನೀನು ಹೋಗು."

"ಹೋಗೋಕಲ್ಲ ಬಂದಿರೋದು. ನಮ್ಮಲ್ಲಿ ಮೊದಲು ಮುಗಿಸಿದೋರು ವಾಪಸ್ ಬಂದು ಕೊನೇಲಿರೋರನ್ನ ಕರ್ಕೊಂಡು ಹೋಗ್ಬೇಕು. ಯಾವಾಗಿಂದಲೋ ಹಾಗೆ. ನೀನು ಎಷ್ಟು ಹೊತ್ತು ಅಳ್ತೀಯೋ ಅಷ್ಟು ಹೊತ್ತು ನಾನೂ ಇಲ್ಲೇ ನಿಂತಿರ್ತೀನಿ. ನಮ್ಮನೇಲಿ ಇಸ್ತ್ರಿಗೆ ಬಟ್ಟೆ ರಾಶಿ ಬಿದ್ದಿದೆ, ಬೇಗ ಅತ್ತು ಮುಗ್ಸು."

ಗುಂಡಿಗೆ ಅಳುವಿನ ನಡುವೆಯೇ ನಗು ಬಂತು. ಎದ್ದಳು. ಉದ್ದಕ್ಕ ತನ್ನ ಉದ್ದ ಕಾಲುಗಳನ್ನು ಗಿಡ್ಡ ಮಾಡಿಕೊಂಡು ಪಕ್ಕದಲ್ಲೇ ಓಡಿದಳು. ದಾರಿಯುದ್ದಕ್ಕೂ ಮೇಷ್ಟ್ರು ಸೈಕಲ್ ಸಮೇತ ಕಳೆದುಹೋದ ಕಥೆ ಹೇಳಿದಳು. ಗುಡ್ಡ ಯಾವಾಗ ಇಳಿದೆವೆಂದು ಗುಂಡಿಗೆ ಗೊತ್ತಾಗಲೇ ಇಲ್ಲ.

ಆ ಸಂಜೆಯಿಂದ ಅವಳು ತಂಡದ ಖಾಯಂ ಬಾಲವಾದಳು, ಉದ್ದಕ್ಕನ ಖಾಯಂ ಬಾಲವೂ ಆದಳು. ತಿಂಗಳುಗಳು ಕಳೆದ ಹಾಗೆ ಮೈ ಹಗುರವಾಯಿತು, ಉಸಿರು ಹಿಡಿತಕ್ಕೆ ಬಂತು, ಕಲ್ಲುಗಣಿ ದಾಟುವುದು ನೀರು ಕುಡಿದಷ್ಟು ಸಲೀಸಾಯಿತು. ಆದರೂ ಕೊನೆಯ ಏರಿನ ಹತ್ತಿರ ಬಂದಾಗ ಅವಳ ಕಾಲು ತಾನಾಗಿಯೇ ನಿಧಾನವಾಗುತ್ತಿತ್ತು. ತಾನಾಗಿಯೇ ಎನ್ನುವುದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತು. ನಿಜವೇನೆಂದರೆ ಅಲ್ಲಿ ಉದ್ದಕ್ಕ ಸಿಗುತ್ತಿದ್ದಳು. ಮನೆಯಲ್ಲಿ ಅಮ್ಮನ ಮಾತು ಯಂತ್ರದ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. ತರಗತಿಯಲ್ಲಿ ಅವಳನ್ನು ಕೇಳುವವರಿರಲಿಲ್ಲ. ತನಗೋಸ್ಕರ ಒಬ್ಬರು ಬಂದ ದಾರಿಯಲ್ಲೇ ಮತ್ತೆ ಓಡಿ ಬರುತ್ತಾರೆ ಎಂಬ ಸುಖಕ್ಕೆ ಆ ಹುಡುಗಿ ಸೋತುಹೋಗಿದ್ದಳು. ತಪ್ಪೆನ್ನುವುದು ಕಷ್ಟ. ಆದರೆ ಮುಂದಿನ ಅನಾಹುತದ ಬೇರು ಅಲ್ಲೇ ಇತ್ತು.

ಉದ್ದಕ್ಕನಿಗೆ ಓಟ ಹುಡುಗಾಟವಾಗಿರಲಿಲ್ಲ. ಅವಳ ಅಪ್ಪನದು ಪೇಟೆ ಬೀದಿಯ ಲಾಂಡ್ರಿ. ಹೋಟೆಲುಗಳ ಹಾಸಿಗೆ ಹೊದಿಕೆ, ಆಸ್ಪತ್ರೆಯವರ ಬಿಳಿ ಕೋಟು, ಮನೆಮನೆಯ ಬಟ್ಟೆ, ಎಲ್ಲ ಅಲ್ಲಿಗೇ ಬರುತ್ತಿತ್ತು. ಗುಂಡಿಯ ಅಮ್ಮನೂ ಹೊಲಿದು ಮುಗಿದ ಸಮವಸ್ತ್ರಗಳನ್ನು ಇಸ್ತ್ರಿಗೆ ಕೊಡುತ್ತಿದ್ದದ್ದು ಅಲ್ಲಿಯೇ. ಮೂವರು ಹೆಣ್ಣುಮಕ್ಕಳಲ್ಲಿ ಉದ್ದಕ್ಕ ದೊಡ್ಡವಳು. ಹತ್ತನೇ ತರಗತಿ ಮುಗಿದರೆ ಗಲ್ಲಾದ ಹಿಂದೆ ಕೂರಬೇಕು ಎಂಬುದು ಮನೆಯಲ್ಲಿ ಮೊದಲಿನಿಂದಲೂ ನಡೆದ ಮಾತು. ಅದಕ್ಕೆ ಒಂದೇ ಒಂದು ವಿನಾಯಿತಿಯಿತ್ತು. ವಲಯದ ಓಟದಲ್ಲಿ ಮೊದಲ ಮೂವರೊಳಗೆ ಬಂದವರನ್ನು ದೂರದ ಕ್ರೀಡಾಶಾಲೆಯವರು ಕರೆಸಿಕೊಳ್ಳುತ್ತಿದ್ದರು. ಊಟ, ವಸತಿ, ಓದು, ಓಟ, ಎಲ್ಲ ಅಲ್ಲಿಯೇ. "ಮೂವರೊಳಗೆ ಬಂದರೆ ಹೋಗು, ಇಲ್ಲದಿದ್ದರೆ ಸುಮ್ಮನೆ ಅಂಗಡಿ ನೋಡ್ಕೋ. ಎರಡು ಮಾತಿಲ್ಲ" ಎಂದಿದ್ದ ಅಪ್ಪ. ಅವನು ಕೆಟ್ಟವನಲ್ಲ, ಬೆನ್ನು ನೋವಿನ ಮನುಷ್ಯ. ಹಾಗಾಗಿ ಉದ್ದಕ್ಕನಿಗೆ ಆ ಒಂದು ಬೆಳಗಿನ ಓಟವೇ ಎಲ್ಲ. ಅದು ತಂಡದ ಎಲ್ಲರಿಗೂ ಗೊತ್ತಿತ್ತು. ಗುಂಡಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಓಟದ ಹಿಂದಿನ ದಿನ ಮೇಷ್ಟ್ರು ಹುಡುಗಿಯರನ್ನು ಮೈದಾನದ ಅಂಚಿಗೆ ಕೂರಿಸಿಕೊಂಡು ನಿಯಮ ಹೇಳಿದರು. ಉದ್ದಕ್ಕ ಅಂದು ಬಂದಿರಲಿಲ್ಲ. ಯಾವುದೋ ಹೋಟೆಲಿನಿಂದ ಇದ್ದಕ್ಕಿದ್ದಂತೆ ಬಟ್ಟೆಯ ಗಾಡಿ ಬಂದು ಅಪ್ಪ ಉಳಿಸಿಕೊಂಡಿದ್ದ.

"ಈ ವರ್ಷದಿಂದ ಗೆರೆ ದಾಟಿದ ಮೇಲೆ ಮತ್ತೆ ಓಟದ ದಾರಿಗೆ ಕಾಲಿಡೋ ಹಾಗಿಲ್ಲ" ಎಂದರು ಮೇಷ್ಟ್ರು. "ಓಡ್ತಾ ಇರೋರ ಜೊತೆ ಓಡೋ ಹಾಗಿಲ್ಲ. ಹಾಗೆ ಮಾಡಿದ್ರೆ ಅವರನ್ನೂ ತೆಗೀತಾರೆ, ಇವರನ್ನೂ ತೆಗೀತಾರೆ. ಇಲ್ಲಿ ನೀವು ಮಾಡೋ ವಾಪಸ್ ಓಟ ಅಲ್ಲಿ ನಡೆಯಲ್ಲ. ಗೊತ್ತಾಯ್ತಾ?" ಆಮೇಲೆ ಗುಂಡಿಯ ಕಡೆ ತಿರುಗಿದರು. "ನೀನು ಲಾಂಡ್ರಿ ಮುಂದೇನೇ ಹೋಗ್ತೀಯಲ್ಲ, ಅವಳಿಗೆ ಇದನ್ನ ಹೇಳ್ಬಿಡು. ಮೊದಲು ಹೇಳ್ಬೇಕಾದ್ದೇ ಅವಳಿಗೆ."

"ಆಯ್ತು ಸರ್" ಎಂದಳು ಗುಂಡಿ. ಎಂದಳೇ ಹೊರತು, ಮಾತಿನ ಅರ್ಥ ಎದೆಗಿಳಿದದ್ದು ದಾರಿಯಲ್ಲಿ. ನಾಳೆ ಗೊತ್ತಿಲ್ಲದ ಊರು, ಗೊತ್ತಿಲ್ಲದ ದಾರಿ, ಸುತ್ತ ಅಪರಿಚಿತರು. ಅಲ್ಲಿಯೂ ಕೊನೆಗೊಂದು ಏರಿದೆಯಂತೆ, ಆ ಏರಿನಲ್ಲಿ ಯಾರೂ ಇರುವುದಿಲ್ಲ. ಕಲ್ಲುಗಣಿಯ ಹತ್ತಿರ ಕುಳಿತು ಅತ್ತ ಮೊದಲ ಸಂಜೆ ಕಣ್ಣ ಮುಂದೆ ಬಂದು ನಿಂತಿತು.

ಲಾಂಡ್ರಿಯ ಒಳಗೆ ಹಬೆ ತುಂಬಿತ್ತು. ಉದ್ದಕ್ಕ ಹಾಸಿಗೆ ಹೊದಿಕೆಗಳ ಬೆಟ್ಟದ ಮುಂದೆ ನಿಂತು ಒಬ್ಬಳೇ ಒದ್ದಾಡುತ್ತಿದ್ದಳು. ಗುಂಡಿಯನ್ನು ನೋಡಿದ್ದೇ ತಡ, "ಬಾರೇ, ಆ ತುದಿ ಹಿಡ್ಕೋ" ಎಂದಳು. ಇಬ್ಬರೂ ಹೊದಿಕೆಯ ಎರಡು ತುದಿ ಹಿಡಿದು ಝಾಡಿಸಿದರು, ಎಳೆದರು, ಹತ್ತಿರ ಬಂದು ತುದಿಗೆ ತುದಿ ಸೇರಿಸಿದರು.

"ಅಕ್ಕ, ಮೇಷ್ಟ್ರು ಏನೋ ಹೇಳಿ ಕಳಿಸಿದ್ದಾರೆ" ಎಂದು ಶುರುಮಾಡಿದಳು ಗುಂಡಿ.

"ಅದಿರಲಿ, ಮೊದಲು ನಿನ್ನ ಮುಖ ಯಾಕೆ ಹೀಗಿದೆ ಹೇಳು. ಇಂಗು ತಿಂದ ಮಂಗನ ಹಾಗೆ." ಉದ್ದಕ್ಕ ಮುಂದಿನ ಹೊದಿಕೆ ಎಳೆದುಕೊಂಡಳು. "ನಾಳೇದು ಭಯ ತಾನೆ? ನಿನಗ್ಯಾಕೆ ಭಯ? ನೀನು ಕೊನೇ ಏರಿನ ತನಕ ಬಾ, ಸಾಕು. ಅಲ್ಲಿಂದ ಮುಂದಕ್ಕೆ ನಾನಿರ್ತೀನಿ. ನಾನು ಮೊದಲೇ ಬರ್ಲಿ, ಹತ್ತನೇದೇ ಬರ್ಲಿ, ನಿನ್ನನ್ನ ಬಿಟ್ಟು ನೀರೂ ಕುಡಿಯಲ್ಲ."

ಗುಂಡಿ ಹೊದಿಕೆಯ ತುದಿಯನ್ನು ಇನ್ನೊಮ್ಮೆ ಸರಿಮಾಡಿ ಹಿಡಿದುಕೊಂಡಳು.

"ಏನೋ ಹೇಳಿ ಕಳಿಸಿದ್ರು ಅಂದ್ಯಲ್ಲ, ಏನು?"

"ಬೇಗ ಮಲಗ್ಬೇಕಂತೆ" ಎಂದಳು ಗುಂಡಿ. "ಅಷ್ಟೇ."

"ಈ ಬೆಟ್ಟ ಕರಗಿಸಿ ಮಲಗ್ತೀನಿ ಅಂತ ಹೇಳು" ಎಂದು ಉದ್ದಕ್ಕ ನಕ್ಕಳು.

ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡು ಗುಂಡಿ ಮನೆಗೆ ಹೋದಳು. ಬೆಳಿಗ್ಗೆ ಬಸ್ಸಿನಲ್ಲಿ ಉದ್ದಕ್ಕ ಇವಳ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ಪಾಪ, ಎಷ್ಟು ಹೊತ್ತಿಗೆ ಮಲಗಿದ್ದಳೋ, ಎಬ್ಬಿಸುವುದು ಹೇಗೆ ಎಂದು ಸುಮ್ಮನಾದಳು. ಇಳಿದ ಮೇಲೆ ಬೆನ್ನಿಗೆ ಸಂಖ್ಯೆಯ ಚೀಟಿ ಕಟ್ಟುವ ಗಡಿಬಿಡಿ. ಆಮೇಲೆ ಉದ್ದಕ್ಕ ಕಣ್ಣು ಮುಚ್ಚಿ ನಿಂತಿದ್ದಳು, ಅವಳ ಮನಸ್ಸು ಕೆಡಿಸಬಾರದು ಎಂದುಕೊಂಡಳು. ಹೇಳದೇ ಇರುವುದಕ್ಕೆ ಮನುಷ್ಯರಿಗೆ ಕಾರಣಗಳೇನು ಕಡಿಮೆಯೇ? ಪ್ರತಿಯೊಂದು ಕಾರಣವೂ ಉದ್ದಕ್ಕನ ಒಳ್ಳೆಯದಕ್ಕೇ ಎಂಬಂತೆ ಕಾಣುತ್ತಿತ್ತು. ಕೊನೆಗೆ, ಅಷ್ಟು ದೂರ ಮರಗಳ ಮಧ್ಯೆ ಯಾರು ನೋಡುತ್ತಾರೆ ಎಂದೂ ಅವಳಿಗೆ ಅನ್ನಿಸಿತು. ಅಷ್ಟರಲ್ಲಿ ಸೀಟಿ ಊದಿದರು.

ಹೊಲದ ಅಂಚು, ಕಾಲುವೆಯ ದಂಡೆ, ಮರದ ತೋಪು. ನೂರಾರು ಕಾಲುಗಳು ಎಬ್ಬಿಸಿದ ಧೂಳಿನಲ್ಲಿ ಗುಂಡಿ ತನ್ನ ಪಾಡಿಗೆ ತಾನು ಓಡಿದಳು. ವಿಚಿತ್ರವೆಂದರೆ ಅಂದು ಅವಳಿಗೆ ಕಷ್ಟವೇ ಆಗಲಿಲ್ಲ. ಕಾಲುವೆ ದಾಟುವಾಗ ಇಬ್ಬರನ್ನು ಹಿಂದೆ ಹಾಕಿದಳು. ತೋಪಿನೊಳಗೆ ಮತ್ತೊಬ್ಬಳು ಪಕ್ಕೆ ಹಿಡಿದುಕೊಂಡು ನಿಂತಿದ್ದಳು, ಅವಳನ್ನೂ ದಾಟಿದಳು. ಒಮ್ಮೆ ತಿರುಗಿ ನೋಡಿದರೆ ಹಿಂದೆ ಇನ್ನೂ ಒಂದು ಗುಂಪೇ ಬರುತ್ತಿತ್ತು. ಜೀವನದಲ್ಲಿ ಮೊದಲ ಸಲ ಅವಳು ಕೊನೆಯವಳಾಗಿರಲಿಲ್ಲ. ಆದರೂ ಕೊನೆಯ ಏರು ಕಂಡಾಗ ಅವಳ ಕಣ್ಣು ಎದುರು ದಾರಿಯನ್ನೇ ಹುಡುಕಿತು, ಕಾಲು ಹಳೆಯ ಚಾಳಿಯಂತೆ ನಿಧಾನವಾಯಿತು.

ಉದ್ದಕ್ಕ ಬಂದೇ ಬಂದಳು. ಏರಿನ ತುದಿಯಿಂದ ಕೈ ಬೀಸುತ್ತ, ಮುಖವೆಲ್ಲ ಹಲ್ಲಾಗಿ ಓಡಿ ಇಳಿದಳು.

"ಗುಂಡೀ! ಎರಡನೇದು ಕಣೇ! ಎರಡನೇದು ಬಂದೆ!"

ಹೋಗು ಎನ್ನಬೇಕಿತ್ತು. ಬರಬೇಡ, ದಾರಿ ಬಿಡು ಎನ್ನಬೇಕಿತ್ತು. ಗುಂಡಿಗೆ ಉಸಿರಿರಲಿಲ್ಲವೇ? ಇತ್ತು. ಬೇಕಾದಷ್ಟಿತ್ತು. ಯಾಕೆಂದರೆ ಅದೇ ಉಸಿರಿನಲ್ಲಿ ಅವಳು, "ನಿಜವಾಗ್ಲೂನಾ ಅಕ್ಕ? ಹಾಗಾದ್ರೆ ಹೋಗ್ತೀಯ ನೀನು?" ಎಂದು ಕೇಳಿದಳು.

"ಹೋಗ್ತೀನಿ! ಮೊದಲು ನಿನ್ನ ಕರ್ಕೊಂಡು ಹೋಗ್ತೀನಿ, ಬಾ!"

ಇಬ್ಬರೂ ನಗುತ್ತ ಜೊತೆಯಾಗಿ ಏರು ಹತ್ತಿದರು. ಅಷ್ಟು ಖುಷಿಯಾಗಿ ಗುಂಡಿ ಅದಕ್ಕೆ ಮೊದಲೂ ಓಡಿರಲಿಲ್ಲ, ಆಮೇಲೂ ಓಡಲಿಲ್ಲ. ತುದಿ ತಲುಪಿದಾಗ ಬಿಳಿ ಟೋಪಿಯ ತೀರ್ಪುಗಾರ್ತಿ ಕೆಂಪು ಬಾವುಟ ಎತ್ತಿ ನಿಂತಿದ್ದಳು.

ಗೆರೆಯ ಹತ್ತಿರ ಮೇಷ್ಟ್ರು ಗೋಗರೆದರು. ಮಕ್ಕಳು ಸರ್, ತಿಳಿಯದೆ ಆಗಿದೆ, ಯಾರಿಗೂ ಅಡ್ಡಿಯಾಗಿಲ್ಲ ಎಂದು ಏನೇನೋ ಹೇಳಿದರು. ಮುಖ್ಯ ತೀರ್ಪುಗಾರರು ತಲೆಯಾಡಿಸಿದರು. "ಗೆರೆ ದಾಟಿದ ಮೇಲೆ ವಾಪಸ್ ಬಂದು ಜೊತೆಗೆ ಓಡಿದ್ದಾರೆ. ನಮ್ಮವರು ಕಣ್ಣಾರೆ ನೋಡಿದ್ದಾರೆ. ಇಬ್ಬರನ್ನೂ ತೆಗೀಲೇಬೇಕು. ನಿನ್ನೇನೇ ಎಲ್ಲ ಶಾಲೆಗೂ ಹೇಳಿದೀವಲ್ಲ, ನೀವು ಮಕ್ಕಳಿಗೆ ಹೇಳಿಲ್ವಾ?"

ಎರಡನೆಯ ಸ್ಥಾನ ಹೋಯಿತು. ಐವರಲ್ಲಿ ಮೂವರು ಉಳಿದರು, ತಂಡವೂ ಹೋಯಿತು. ಉದ್ದಕ್ಕನಿಗೆ ಇನ್ನೂ ಅರ್ಥವಾಗಿರಲಿಲ್ಲ. ಅವರ ಮುಖ ಇವರ ಮುಖ ನೋಡುತ್ತ, "ಯಾಕೆ ಸರ್? ನಾವು ದಿನಾ ಹೀಗೇ ಅಲ್ವಾ?" ಎಂದಳು.

ಮೇಷ್ಟ್ರಿಗೆ ರೇಗಿಹೋಯಿತು. "ಹೇಳಿ ಕಳಿಸಿದ್ದೆನಲ್ಲ ನಾನು! ಅಷ್ಟು ಸಾರಿ ಸಾರಿ ಹೇಳಿದ್ದೆ, ಇವಳ ಕೈಲಿ ಹೇಳಿ ಕಳಿಸಿದ್ದೆ. ಇವಳು ನಿನಗೆ ಹೇಳ್ಲಿಲ್ವಾ?"

ಉದ್ದಕ್ಕ ಗುಂಡಿಯ ಕಡೆ ತಿರುಗಿದಳು. ಹಬೆ ತುಂಬಿದ ಕೋಣೆ, ಹೊದಿಕೆಯ ತುದಿ, ಬೇಗ ಮಲಗಬೇಕಂತೆ ಎಂಬ ಮಾತು, ಎಲ್ಲ ಅವಳ ಕಣ್ಣೊಳಗೆ ಒಂದೊಂದಾಗಿ ಹಾದುಹೋದದ್ದು ಗುಂಡಿಗೆ ಕಾಣಿಸಿತು. ಎಲ್ಲರೂ ಗುಂಡಿಯನ್ನೇ ನೋಡುತ್ತಿದ್ದರು.

"ಹೇಳಿದ್ಲು ಸರ್" ಎಂದಳು ಉದ್ದಕ್ಕ. "ಹೇಳಿದ್ಲು. ನನಗೇ ಮರೆತುಹೋಯ್ತು."

ಅಷ್ಟು ಹೇಳಿ ಅವಳು ಗುಂಡಿಯ ಮೇಲಿನ ಕಣ್ಣು ತೆಗೆಯಲಿಲ್ಲ. ಗುಂಡಿ ಬಗ್ಗಿದಳು. ಬಿಗಿಯಾಗಿಯೇ ಇದ್ದ ಬೂಟಿನ ದಾರವನ್ನು ಬಿಚ್ಚಿ, ಮತ್ತೆ ಕಟ್ಟತೊಡಗಿದಳು. ತಲೆ ಎತ್ತುವ ಹೊತ್ತಿಗೆ ಉದ್ದಕ್ಕ ಬಸ್ಸಿನ ಕಡೆ ಹೊರಟುಹೋಗಿದ್ದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ತಂಡದ ಒಬ್ಬಳು ಗೊಣಗಿದಳು: "ಅಷ್ಟೂ ನೆನಪಿಡೋಕಾಗಲ್ವಾ? ನಮ್ಮ ಹೊಟ್ಟೆ ಮೇಲೂ ಹೊಡೆದ್ಲು." ಗುಂಡಿ ಹೊರಗೆ ನೋಡುತ್ತ ಕುಳಿತಳು. ಉದ್ದಕ್ಕ ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ಕಿಟಕಿಗೆ ಒರಗಿ ಕೂತಿದ್ದಳು. ಪಕ್ಕದ ಜಾಗ ಖಾಲಿಯಿತ್ತು. ಹೋಗಿ ಕೂರಬೇಕೆಂದು ಗುಂಡಿಗೆ ಅನ್ನಿಸಿತು, ಊರು ಬರುವವರೆಗೂ ಅನ್ನಿಸುತ್ತಲೇ ಇತ್ತು. ಕೂರಲಿಲ್ಲ.

ಕ್ರೀಡಾಶಾಲೆಗೆ ನಾಲ್ಕನೆಯವಳಾಗಿ ಬಂದಿದ್ದ ಯಾವುದೋ ಊರಿನ ಹುಡುಗಿ ಹೋದಳು. ಪರೀಕ್ಷೆ ಮುಗಿದ ಮರುದಿನವೇ ಉದ್ದಕ್ಕ ಗಲ್ಲಾದ ಹಿಂದೆ ಕುಳಿತಳು.

ಮೇಷ್ಟ್ರು ವಾಪಸ್ ಓಟವನ್ನು ನಿಲ್ಲಿಸಿಬಿಟ್ಟರು. ಅಭ್ಯಾಸ ಬಿದ್ದರೆ ಕಾಲು ಅಲ್ಲಿಯೂ ಹಾಗೇ ಓಡುತ್ತದೆ, ಇನ್ನು ಮೇಲೆ ಇಲ್ಲಿಯೂ ಬೇಡ ಎಂದರು. ಈಗ ಮೊದಲು ಮುಗಿಸಿದವರು ನೀರು ಕುಡಿದು, ಚೀಲ ಹೆಗಲಿಗೇರಿಸಿ ಮನೆಗೆ ಹೋಗುತ್ತಿದ್ದರು. ಗುಂಡಿ ಕೊನೆಯ ಏರನ್ನು ಒಬ್ಬಳೇ ಹತ್ತಿ ಇಳಿದಳು. ಹತ್ತಲಾಗುವುದಿಲ್ಲ, ಕುಸಿದು ಬೀಳುತ್ತೇನೆ, ಅದೇ ತನಗೆ ತಕ್ಕ ಶಾಸ್ತಿ ಎಂದುಕೊಂಡಿದ್ದಳು. ಆದರೆ ಕಾಲು ಸಲೀಸಾಗಿ ಹತ್ತಿತು. ಮರುದಿನವೂ ಹತ್ತಿತು. ಅವಳಿಗೆ ಜೊತೆ ಬೇಕೇ ಇರಲಿಲ್ಲ. ಆ ಬೆಳಿಗ್ಗೆಯೂ ಬೇಕಿರಲಿಲ್ಲ. ಸುಮ್ಮನೆ ಓಡಿದ್ದರೆ ಸಾಕಿತ್ತು, ಎಲ್ಲ ಸರಿಹೋಗುತ್ತಿತ್ತು ಎಂಬ ಅರಿವು ಅವಳನ್ನು ಒಳಗೊಳಗೇ ಕೊರೆಯಿತು. ಕೈಲಾಗದೆ ಮಾಡಿದ ತಪ್ಪಾಗಿದ್ದರೆ ಅವಳು ತನ್ನನ್ನು ತಾನು ಕ್ಷಮಿಸಿಕೊಳ್ಳುತ್ತಿದ್ದಳೋ ಏನೋ.

ಹೊಸ ವರ್ಷದ ಹೊಸ ಹುಡುಗಿಯರು ಬಂದರು. ಮೇಷ್ಟ್ರು ಮೈದಾನದ ಅಂಚಿನಲ್ಲಿ ನಿಂತು ನಿಯಮ ಹೇಳುವಾಗ ಈಗ ಒಂದು ಕಥೆಯನ್ನೂ ಸೇರಿಸಿದರು. "ಇಲ್ಲಿ ಒಬ್ಬಳಿದ್ಲು. ಅಂಥಾ ಓಟಗಾರ್ತಿಯನ್ನ ನಾನು ನೋಡಿಲ್ಲ. ಹೇಳಿದ ಮಾತು ಮರೆತಳು, ಕೈಗೆ ಬಂದದ್ದನ್ನ ಕಳ್ಕೊಂಡ್ಲು. ಈಗ ಎಲ್ಲಿದ್ದಾಳೆ ಗೊತ್ತಾ? ಇಸ್ತ್ರಿ ಹಾಕ್ತಿದ್ದಾಳೆ." ಹೊಸಬರು ಮುಸಿಮುಸಿ ನಕ್ಕರು. ಒಬ್ಬಳು "ಮರೆಗುಳಿ ಅಕ್ಕ" ಎಂದಳು, ಇನ್ನೊಬ್ಬಳು ಅದನ್ನೇ ಹಿಡಿದುಕೊಂಡಳು. ಹತ್ತನೇ ತರಗತಿಯ ಗುಂಡಿ ಮೇಷ್ಟ್ರ ಪಕ್ಕದಲ್ಲೇ ನಿಂತಿದ್ದಳು. ಈ ವರ್ಷ ನಾಯಕಿ ಅವಳೇ.

ಅಂದು ಅವಳು ನೇರ ಲಾಂಡ್ರಿಗೆ ಹೋದಳು. ಅದುವರೆಗೂ ಅಮ್ಮನ ಬಟ್ಟೆ ಗಂಟನ್ನು ಹೊರಗಿನಿಂದಲೇ ಕೆಲಸದವನ ಕೈಗೆ ಕೊಟ್ಟು ಓಡಿಬರುತ್ತಿದ್ದವಳು ಅಂದು ಗಲ್ಲಾ ದಾಟಿ ಒಳಗೆ ಹೋದಳು. ಉದ್ದಕ್ಕ ಆಸ್ಪತ್ರೆಯವರ ಕೋಟಿಗೆ ನೀರು ಚಿಮುಕಿಸಿ ಇಸ್ತ್ರಿ ಹಾಕುತ್ತಿದ್ದಳು. ಸ್ವಲ್ಪ ದಪ್ಪಗಾಗಿದ್ದಳು. ಮಣಿಕಟ್ಟಿನ ಮೇಲೆ ಸುಟ್ಟ ಕಲೆಯಿತ್ತು.

"ಅಕ್ಕ" ಎಂದಳು ಗುಂಡಿ.

ಉದ್ದಕ್ಕ ತಲೆ ಎತ್ತಿ ನೋಡಿ, ಮತ್ತೆ ಕೋಟಿನ ತೋಳನ್ನು ನೀಟಾಗಿ ಎಳೆದಳು. "ಗಂಟು ಅಲ್ಲಿಡು."

"ಗಂಟಿಲ್ಲ. ನಿನ್ನ ಹತ್ರ ಮಾತಾಡ್ಬೇಕು. ಅವತ್ತು ಮೇಷ್ಟ್ರು ಹೇಳಿದ್ದನ್ನ ನಾನು ನಿನಗೆ ಹೇಳಲೇ ಇಲ್ಲ. ನೀನು ಬರ್ತೀನಿ ಅಂದಾಗ ಹೇಳೋಕೆ ಮನಸ್ಸಾಗ್ಲಿಲ್ಲ. ಆಮೇಲೆ ನೀನು ಯಾಕಕ್ಕ ಹಾಗಂದೆ? ನನ್ನದೇ ತಪ್ಪು ಅಂತ ಗೊತ್ತಿದ್ದೂ ಯಾಕೆ ನಿನ್ನ ಮೇಲೆ ಹಾಕ್ಕೊಂಡೆ?"

ಇಸ್ತ್ರಿ ಪೆಟ್ಟಿಗೆ ಕೋಟಿನ ಬೆನ್ನ ಮೇಲೆ ಒಂದು ಸಲ ಹೋಗಿ ಬಂತು.

"ಅಷ್ಟು ಜನರ ಮುಂದೆ ನಿನ್ನ ಮಾನ ಹೋಗ್ಬಾರ್ದು ಅಂತ ಬಾಯಿಗೆ ಬಂತು, ಅಂದೆ" ಎಂದಳು ಉದ್ದಕ್ಕ. "ಅಂದ್ಬಿಟ್ಟು ಕಾದೆ. ನೀನು 'ಇಲ್ಲ ಸರ್, ನಾನು ಹೇಳಿರ್ಲಿಲ್ಲ' ಅಂತೀಯ ಅಂತ ಕಾದೆ. ನೀನು ಅಂದಿದ್ರೆ ಅವರೇನು ನನ್ನ ಸ್ಥಾನ ವಾಪಸ್ ಕೊಡ್ತಿರ್ಲಿಲ್ಲ. ನನಗೂ ಗೊತ್ತಿತ್ತು. ಆದ್ರೂ ಕಾದೆ. ನೀನು ಬೂಟಿನ ದಾರ ಕಟ್ಕೊಳ್ತಾ ಇದ್ದೆ."

"ಅಕ್ಕ..."

"ಬಸ್ಸಲ್ಲೂ ಕಾದೆ. ಪಕ್ಕದಲ್ಲಿ ಜಾಗ ಬಿಟ್ಕೊಂಡು ಕೂತಿದ್ದೆ. ಯಾವುದೋ ಹುಡುಗಿ ನನ್ನನ್ನ ಬಯ್ತಿದ್ಲಲ್ಲ, ಆಗಲಾದ್ರೂ ಏನಾದ್ರೂ ಅಂತೀಯ ಅಂತ ಅಂದ್ಕೊಂಡೆ." ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಹೇಳದೇ ಇದ್ದದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ ಗುಂಡಿ. ಭಯ ಬಿದ್ದಿದ್ದೆ, ಸರಿ. ಆಮೇಲಿನದ್ದು ಮಾತ್ರ ನನ್ನ ಕೈಲಿ ಹೊಟ್ಟೆಗೆ ಹಾಕ್ಕೊಳ್ಳೋಕೆ ಆಗ್ಲಿಲ್ಲ. ಎಷ್ಟು ಪ್ರಯತ್ನ ಪಟ್ರೂ ಆಗ್ಲಿಲ್ಲ."

"ನಾಳೆ ಎಲ್ಲರ ಮುಂದೆ ಹೇಳ್ತೀನಿ ಅಕ್ಕ. ಮೇಷ್ಟ್ರ ಮುಂದೆ, ಹೊಸಬರ ಮುಂದೆ, ಎಲ್ಲರ ಮುಂದೆ."

"ಹೇಳು. ನಿನಗೆ ಹಗುರ ಆಗುತ್ತೆ." ಉದ್ದಕ್ಕ ಕೋಟನ್ನು ತೂಗುಹಾಕಿ ಮುಂದಿನದನ್ನು ಎತ್ತಿಕೊಂಡಳು. "ಇನ್ನೊಂದು. ಬಟ್ಟೆ ಕೊಡೋದಿದ್ರೆ ಇನ್ನು ಮೇಲೆ ನಿಮ್ಮಮ್ಮ ಬರ್ಲಿ."

ಮರುದಿನ ಗುಂಡಿ ಹೇಳಿದಳು. ಅಭ್ಯಾಸಕ್ಕೆ ಮೊದಲು ಎಲ್ಲರನ್ನೂ ನಿಲ್ಲಿಸಿಕೊಂಡು, ತಡವರಿಸುತ್ತ, ಒಂದನ್ನೂ ಬಿಡದೆ ಹೇಳಿದಳು. ಹೊಸ ಹುಡುಗಿಯರು ಪರಸ್ಪರ ಮುಖ ನೋಡಿಕೊಂಡರು; ಉದ್ದಕ್ಕನನ್ನು ಅವರು ಕಂಡವರೇ ಅಲ್ಲ. ಮೇಷ್ಟ್ರು ತುಸು ಹೊತ್ತು ಕನ್ನಡಕ ಒರೆಸಿಕೊಂಡರು. "ಆಗಲೇ ಹೇಳಿದ್ದಿದ್ರೆ ಅವರಪ್ಪನ ಹತ್ರ ನಾನಾದ್ರೂ ಹೋಗಿ ಮಾತಾಡ್ತಿದ್ದೆ" ಎಂದರು. "ಮರೆತುಬಿಟ್ಳಲ್ಲ ಅಂತ ಸಿಟ್ಟು ಮಾಡ್ಕೊಂಡು ನಾನೂ ಸುಮ್ಮನಾಗ್ಬಿಟ್ಟೆ." ಆಮೇಲೆ ಸೀಟಿ ಊದಿದರು. ಎಲ್ಲರೂ ಓಡಿದರು. ಗುಂಡಿಗೆ ಏನೂ ಹಗುರವಾಗಲಿಲ್ಲ.

ಆ ವಾರ ಬಟ್ಟೆಯ ಗಂಟು ಸಿದ್ಧವಾದಾಗ ಅವಳು ಅಮ್ಮನಿಗೆ, "ನೀನೇ ಕೊಟ್ಟು ಬಾ" ಎಂದಳು. ಅಮ್ಮ ಮಂಡಿ ನೋವೆಂದು ಗೊಣಗಿದಳು, ದಿನಾ ಊರು ಸುತ್ತ ಓಡುವವಳಿಗೆ ನಾಲ್ಕು ಹೆಜ್ಜೆ ಭಾರವಾಯಿತೇ ಎಂದು ಬೈದಳು. ಕೊನೆಗೆ ತಾನೇ ಗಂಟು ಹೊತ್ತು ಹೋದಳು. ವಾಪಸ್ ಬಂದವಳು ಚಪ್ಪಲಿ ಬಿಟ್ಟು, ಮಂಡಿ ತಿಕ್ಕಿಕೊಳ್ಳುತ್ತ ಕುಳಿತಳು.

"ಆ ಹುಡುಗಿ ಕೈ ಎಷ್ಟು ಚುರುಕು ಅಂತೀಯ" ಎಂದಳು. "ನನ್ನನ್ನ ಕೂರಿಸಿ, ನೀರು ಕೊಟ್ಟು, ಮಂಡಿ ಹೇಗಿದೆ ಅಂತ ಕೇಳಿದ್ಲು. ನಾನು ನಿನ್ನ ಮಾತು ತೆಗೆದೆ ನೋಡು, ನಮ್ಮವಳು ಈ ವರ್ಷ ನಾಯಕಿ ಆಗಿದ್ದಾಳಮ್ಮ ಅಂದೆ. ಗಿರಾಕಿ ಬಂದ್ರು ಅಂತ ಎದ್ದು ಒಳಗೆ ಹೋಗ್ಬಿಟ್ಳು." ಅಮ್ಮ ತಿಕ್ಕುವುದನ್ನು ನಿಲ್ಲಿಸಿದಳು. "ಅಂಗಡೀಲಿ ನನ್ನ ಬಿಟ್ಟು ಯಾರೂ ಇರ್ಲಿಲ್ಲ ಕಣೇ."